ಒಂದೇ ನಂಬರಿನ ಮನೆ

“ಬರದ ಕೊಡ್ರಿ ಸಾಹೇಬ್ರ. ಈ ರಿಪೋರ್ಟ್ ಖರೇ ಐತಿ ಅಂತ ಸಿಕ್ಕಾ ಹೊಡದ ಕೊಡ್ರಿ. ಇವತ್ತಽ ಇಕಿನ್ನ ಹೊರ್ತಿ ಬಸ್ಸಿಗೆ ಹತ್ತಸ್ತೇನಿ.”

ದೇವಣಗಾಂವದ ಗುಂಡವ್ವ ನಮ್ಮ ಆಫೀಸಿನ ಹೊಸ್ತಿಲು ದಾಟುವ ಮೊದಲೇ ಜಗಳ ಶುರು ಮಾಡಿದ್ದಳು. ಹಿಂದೆ ಸೊಸೆ ಪಲ್ಲವಿ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತ ನಿಂತಿದ್ದಳು. ಹೊರ್ತಿ ಅವಳ ತವರು. ಮದುವೆಯಾಗಿ ಇನ್ನೂ ವರ್ಷ ತುಂಬಿಲ್ಲ. ಊರಿನಲ್ಲಿ ನಡೆದ ಆರೋಗ್ಯ ಶಿಬಿರದಲ್ಲಿ ಪರೀಕ್ಷೆಗೆ ರಕ್ತ ಕೊಟ್ಟಿದ್ದಳು. ಗಂಡ ಭೀಮುವಿನ ಫೋನಿಗೆ ಅವಳ ಹೆಸರಿನಲ್ಲಿ ವರದಿ ಬಂದಿತ್ತು. ಸಕ್ಕರೆ ಮುನ್ನೂರರ ಮೇಲೆ.

ಆ ವರದಿ ಕಳಿಸುವ ಸಾಫ್ಟ್‌ವೇರ್ ನಮ್ಮದು. ಸಿಂದಗಿ ಬಸ್‌ಸ್ಟ್ಯಾಂಡಿನ ಹಿಂದಿನ ಒಂದೇ ಕೋಣೆಯ ಆಫೀಸಿನಲ್ಲಿ ಅನೀಲಕುಮಾರ ಸರ್ ಅದನ್ನು ಬರೆದರು. ಅದು ಕೆಟ್ಟಾಗ ಬೈಸಿಕೊಳ್ಳುವುದು ನನ್ನ ಕೆಲಸ.

“ರೋಗ ಮುಚ್ಚಿಟ್ಟ ಹೆಣ್ಣ ಕೊಟ್ಟಾರ್ರಿ,” ಎಂದಳು ಗುಂಡವ್ವ. “ನಾನೂ ಅದಽ ಕ್ಯಾಂಪಿನ್ಯಾಗ ರಕ್ತ ಕೊಟ್ಟೇನಿ. ನನಗೇನೂ ಇಲ್ಲ, ಅದಕ್ಕಽ ನಂದು ರಿಪೋರ್ಟ್ ಬಂದಿಲ್ಲ.”

ಚಹಾ ಬಂತು. ಗುಂಡವ್ವ ತನ್ನ ಕಪ್ಪು ಮುಗಿಸಿ, ಪಲ್ಲವಿಯ ಮುಂದಿನದನ್ನೂ ಎತ್ತಿಕೊಂಡಳು. “ಅಕಿಗೆ ಸಕ್ರಿ ಐತಿ. ಅಕಿ ಕುಡಿಯಂಗಿಲ್ಲ.”

ಪಲ್ಲವಿ ಕಪ್ಪು ಇದ್ದ ಜಾಗವನ್ನು ಸೆರಗಿನಿಂದ ಒರೆಸಿದಳು. ಅವಳ ಮೇಲೆ ನನಗೆ ಸಿಟ್ಟು ಬಂತು. ಬಾಯಿ ಸತ್ತವಳು. ನನ್ನ ಹಾಗೆಯೇ. ಈ ಆಫೀಸಿನಲ್ಲಿ ನಾನು “ಹೂಂ ಸರ್” ಬಿಟ್ಟು ಬೇರೆ ಮಾತಾಡಿದ್ದೇ ಕಡಿಮೆ. ಆಡದ ಮಾತುಗಳೆಲ್ಲ ಡೈರಿಗೆ ಹೋಗುತ್ತವೆ; ಅಲ್ಲಿ ಸರ್‌ಗೆ ಇಟ್ಟಿರುವ ಹೆಸರುಗಳನ್ನು ಇಲ್ಲಿ ಬರೆಯಲಾರೆ.

ಸರ್ ಕುರ್ಚಿ ತಿರುಗಿಸಿ, ತಮ್ಮ ಎಐ ಸಹಾಯಕನಿಗೆ ಈ ವರದಿಯಲ್ಲಿ ದೋಷವಿದೆಯೇ ಎಂದು ಒಂದು ಸಾಲು ಬರೆದರು. ಕೋಡ್ ಸರಿಯಾಗಿದೆ, ಅದರ ಎಲ್ಲ ಪರೀಕ್ಷೆಗಳೂ ಪಾಸಾಗಿವೆ ಎಂದು ಅದು ವಿನಯದಿಂದ ಉತ್ತರಿಸಿತು. ಆ ಪರೀಕ್ಷೆಗಳನ್ನು ಬರೆದವರೂ ಸರ್‌ ಅವರೇ.

“ನೋಡವ್ವಾ, ನಮ್ಮ ಸಿಸ್ಟಮ್ ತಪ್ಪ ಮಾಡಂಗಿಲ್ಲ.” ಸರ್ ನನ್ನತ್ತ ತಿರುಗಿದರು. “ಸಾಕ್ಷಿ, ವರದಿ ಬರಾಬರಿ ಐತಿ ಅಂತ ಒಂದ್ ಪತ್ರಾ ಟೈಪ್ ಮಾಡು. ಇವರನ್ನ ಲಗೂನ ಕಳಸು.”

ಗುಂಡವ್ವ ಸೊಸೆಯತ್ತ ನೋಡಿ ನಕ್ಕಳು.

“ಸರ್, ಸ್ವಲ್ಪ ತಡೀರಿ,” ಎಂದೆ. ದನಿ ಯಾರದೋ ಅನಿಸಿತು.

“ಏನ್?”

“ನನ್ನ ಸ್ಕಿಲ್ ಹಾಕಿ ನೋಡ್ತೇನ್ರಿ.”

“ಅಯ್ಯ! ಯಂತ್ರಕ್ಕ ಶಾಣ್ಯಾತನ ಕಲಸಾಕ ಹೊಂಟಾಳ. ತನಗ ನಾಕ ಮಾತ ಆಡಾಕ ಬರಂಗಿಲ್ಲ,” ಎಂದು ಸರ್ ಗುಂಡವ್ವನಿಗೇ ಹೇಳಿದರು. ಆಕೆಯೂ ನಕ್ಕಳು.

ಸ್ಕಿಲ್ ಅಂದರೆ ಸಹಾಯಕನಿಗೆ ಬರೆದಿಡುವ ಪದ್ಧತಿ. ಕೆಲಸ ಹಿಡಿಯುವ ಮೊದಲು ಅದು ಓದಿಕೊಂಡು, ಹಾಗೆಯೇ ನಡೆಯುತ್ತದೆ. ದೋಷ ಹುಡುಕಲು ನಾನು ಬರೆದದ್ದು ಕೆಲವೇ ಸಾಲು. ಎಲ್ಲ ಸರಿಯಿದೆ ಎನ್ನಬೇಡ. ಕಾರಣ ಸಿಗುವ ತನಕ ಕೋಡ್ ಮುಟ್ಟಬೇಡ. ಬರೆದವನು ಏನನ್ನು ಕೇಳದೇ ನಂಬಿದ್ದಾನೆ, ಅದನ್ನು ಹುಡುಕಿ ನನ್ನನ್ನು ಕೇಳು. ಆಮೇಲೆ ತಪ್ಪನ್ನು ನನ್ನ ಕಣ್ಣೆದುರು ಇನ್ನೊಮ್ಮೆ ಮಾಡಿ ತೋರಿಸು.

ಸಹಾಯಕ ಕಡತಗಳನ್ನು ತಿರುವಿ ಹಾಕಿ ಕೇಳಿತು: ಈ ಕೋಡ್ ಒಂದು ಮೊಬೈಲ್ ನಂಬರಿಗೆ ಒಬ್ಬರೇ ರೋಗಿ ಎಂದು ನಂಬಿದೆ. ನಿಮ್ಮಲ್ಲಿ ಹಾಗೆಯೇ ಇದೆಯೇ?

ನನಗೆ ನಗು ಬಂತು, ಒಳ್ಳೆಯ ನಗುವಲ್ಲ. ನಾನು ತುಂಬಿದ ಪ್ರತಿ ಅರ್ಜಿಯಲ್ಲೂ ಇರುವುದು ಅಣ್ಣನ ನಂಬರು. ಅವ್ವನದೂ ಅದೇ, ಅತ್ತಿಗೆಯದೂ ಅದೇ. ಸರ್‌ಗೂ ಇದು ಗೊತ್ತಿರಬೇಕು. ಅವರ ಮನೆಯ ಹೆಂಗಸರದೆಲ್ಲ ಅವರದೇ ನಂಬರು. ಆದರೆ ಕೋಡ್ ಬರೆಯುವಾಗ ಆ ಹೆಂಗಸರು ಅವರಿಗೆ ನೆನಪಾಗಿಲ್ಲ.

ಇಲ್ಲ, ಎಂದು ಬರೆದೆ. ತೋರಿಸು.

ಅದು ಇಲ್ಲದ ಇಬ್ಬರು ಹೆಂಗಸರನ್ನು ಹುಟ್ಟಿಸಿ, ಇಬ್ಬರಿಗೂ ಒಂದೇ ನಂಬರು ಕೊಟ್ಟಿತು. ವರದಿ ಬಂದದ್ದು ಒಂದೇ. ಹೆಸರು ಕೊನೆಗೆ ಬರೆಸಿದವಳದು. ರಕ್ತ ಕೊನೆಗೆ ಪರೀಕ್ಷೆಯಾದವಳದು.

“ಗುಂಡವ್ವಾರ, ಕ್ಯಾಂಪಿನ್ಯಾಗ ನೀವು ಯಾರ ನಂಬರ್ ಕೊಟ್ಟಿದ್ರಿ?”

“ಭೀಮುಂದು. ಮತ್ಯಾರದು ಕೊಡಲಿ? ಮನ್ಯಾಗ ಇರೂದಽ ಒಂದ್ ಫೋನ್.”

ಅಳಿಸಿಹೋದ ಹೆಸರುಗಳ ಹಳೆಯ ಜಾಡು ತೆಗೆಸಿದೆ. ಭೀಮುವಿನ ನಂಬರಿನಲ್ಲಿ ಎರಡು ರಕ್ತ. ಹೆಸರು ಕೊನೆಗೆ ಬರೆಸಿದವಳು ಪಲ್ಲವಿ, ಆದರೆ ಮೊದಲು ಪರೀಕ್ಷೆಯಾದ ರಕ್ತ ಅವಳದು, ಸಕ್ಕರೆ ತೊಂಬತ್ತು. ಎರಡನೆಯದರ ಹೆಸರನ್ನು ಇನ್ನೊಮ್ಮೆ ಓದಿದೆ. ಮೆಲ್ಲಗೆ, ಆಕೆಯ ಕಿವಿಗಷ್ಟೇ ಹೇಳಬಹುದಿತ್ತು. ಹೇಳಲಿಲ್ಲ. ಸ್ಕ್ರೀನನ್ನು ಎಲ್ಲರಿಗೂ ಕಾಣುವಂತೆ ತಿರುಗಿಸಿದೆ.

“ಮುನ್ನೂರರ ಸಕ್ರಿ ಪಲ್ಲವಿದಲ್ಲ. ಗುಂಡವ್ವಾರ, ನಿಮ್ಮದು.”

ಆಕೆಯ ಕೈಯಲ್ಲಿ ಎರಡನೆಯ ಕಪ್ಪು ಅರ್ಧವಾಗಿತ್ತು.

“ಮಷಿನ್ ಸುಳ್ಳು ಹೇಳಾಕತ್ತೈತಿ!”

“ಈಗ ಸುಳ್ಳಾತೇನ್ರಿ?” ಎಂದಳು ಪಲ್ಲವಿ. ಅಷ್ಟು ಹೊತ್ತಿಗೆ ಅವಳ ಮೊದಲ ಮಾತು. ಅತ್ತೆಯ ಕೈಯಿಂದ ಕಪ್ಪು ಬಿಡಿಸಿ ಮೇಜಿನ ಮೇಲಿಟ್ಟಳು. “ನಿಮ್ಮ ತವರಮನಿ ಇಂಡಿ ಅಲ್ಲೇನ್ರಿ ಅತ್ತಿ? ಯಾವ ಬಸ್ಸಿಗೆ ಹತ್ತಸೂಣ್ರಿ?”

ಗುಂಡವ್ವ ಸರ್ ಮುಖ ನೋಡಿದಳು. ಸರ್ ಗೋಡೆ ನೋಡಿದರು. ಪತ್ರದ ಮಾತನ್ನು ಯಾರೂ ಎತ್ತಲಿಲ್ಲ. ಸರಿಯಾದ ಎರಡು ವರದಿಗಳನ್ನು ಪ್ರಿಂಟ್ ಮಾಡಿಕೊಟ್ಟೆ. ಎರಡನ್ನೂ ಪಲ್ಲವಿಯೇ ಇಸಿದುಕೊಂಡಳು. ಬರುವಾಗ ಹಿಂದಿದ್ದವಳು ಹೋಗುವಾಗ ಮುಂದಿದ್ದಳು. “ಬರ್ರಿ ಲಗೂ, ದೇವಣಗಾಂವ ಬಸ್ ಹೋಕ್ಕೈತಿ” ಎಂದು ಹೊರಗಿನಿಂದ ಅವಳ ದನಿ ಕೇಳಿಸಿತು.

ಬಾಗಿಲು ಮುಚ್ಚಿದ ಮೇಲೆ ಸರ್ ಹತ್ತಿರ ಬಂದರು. “ಕೋಡ್ ರಿಪೇರಿ ಮಾಡಿ ಸುಮ್ನಾಗು. ಈ ಸುದ್ದಿ ಹೊರಗ ಹೋಗಬಾರದು.”

ನಾನು ಸಹಾಯಕನಿಗೆ ಇನ್ನೊಂದು ಪ್ರಶ್ನೆ ಬರೆದೆ: ಒಂದೇ ನಂಬರಿಗೆ ಎರಡು ಹೆಸರು ಬಿದ್ದ ಮನೆಗಳು ಎಷ್ಟು? ಸ್ಕ್ರೀನ್ ತುಂಬಿ ಕೆಳಗಿಳಿಯುತ್ತಲೇ ಹೋಯಿತು. ದೇವಣಗಾಂವ, ದೇವರ ಹಿಪ್ಪರಗಿ, ಶಿಬಿರ ನಡೆದ ಊರೆಲ್ಲ.

ಟೇಬಲ್ ಮೇಲಿನ ಆಫೀಸ್ ಫೋನ್ ಎತ್ತಿದೆ.

“ಫೋನ್ ಇಡು. ಇಲ್ಲಾಂದ್ರ ನಾಳಿಂದ ಬರಬ್ಯಾಡ.”

“ಹೂಂ ಸರ್” ಅನ್ನಲಿಲ್ಲ. ಪಟ್ಟಿಯ ಮೊದಲ ನಂಬರು ಒತ್ತಿದೆ. ಆ ಕಡೆ ಗಂಡು ದನಿ ಗದರಿತು. “ಯಾರ್ ಬೇಕಾಗಿತ್ತು?”

“ನಿಮ್ಮ ಮನ್ಯಾಗಿನ ಹೆಣ್ಮಕ್ಕಳಿಗೆ ಫೋನ್ ಕೊಡ್ರಿ.”

“ಯಾರಿಗೆ?”

“ಎಲ್ಲಾರಿಗೂ.”