ಕವನಳ ಎಡಗಣ್ಣು

ಸ್ಪಿರಿಟ್ ಹತ್ತಿಯ ವಾಸನೆ, ನರ್ಸ್ ಸೂಜಿ ಚುಚ್ಚಿ ಪ್ಲಾಸ್ಟರ್ ಅಂಟಿಸಿಯೂ ಆಯ್ತು, ಕವನ ನೋಡ್ತಾನೇ ಇದ್ದಳು, ಮುಖ ತಿರುಗಿಸಿಕೊಂಡವಳು ನಾನು — ಎಂಟನೇ ಕ್ಲಾಸಿನ ಹುಡುಗಿ, ಈ ಧೈರ್ಯ ಯಾರಿಂದ ಬಂತೋ, ಅವರಪ್ಪ ಭದ್ರಾವತಿಯಲ್ಲಿ ಕುಲುಮೆ ಮುಂದೆ ನಿಲ್ಲೋ ಮನುಷ್ಯ, ಇಲ್ಲಿ ಬಂದ್ರೆ ಬಾಗಿಲಾಚೆನೇ ಉಳೀತಾರೆ, ಪುಷ್ಪಾ ನೀನೇ ಹೋಗೇ, ನಂಗೆ ಸೂಜಿ ನೋಡೋಕಾಗಲ್ಲ ಅಂತಾರೆ. ಹೋದ ವರ್ಷ ಎಡಗಣ್ಣು ಮಂಜಾಯ್ತು ಅಂದಳು, ಹೊರಳಿಸಿದ್ರೆ ನೋವು ಅಮ್ಮ, ಕನ್ನಡಕ ಕೊಡಿಸಿದ್ವಿ, ಕೆಲವು ವಾರಕ್ಕೆ ತಾನಾಗೇ ಸರಿಹೋಯ್ತು, ಮರೆತೇಬಿಟ್ವಿ, ಮಳೆಗಾಲ ಕಳೆದ ಮೇಲೆ ಕಾಲು — ನೀರಲ್ಲಿ ನಡೆದ ಹಾಗಿದೆ ಅಮ್ಮ, ಚಪ್ಪಲಿ ಕಳಚಿದ್ದೇ ಗೊತ್ತಾಗಲ್ಲ, ಸ್ಕೂಲಿನ ಮೆಟ್ಟಿಲಲ್ಲಿ ಬಿದ್ದಳು, ಪರೀಕ್ಷೆ ಹತ್ರ ಬಂತಲ್ಲ ನಾಟಕ ಇರಬಹುದು ಅಂದ್ರು ಮೇಷ್ಟ್ರು, ದೃಷ್ಟಿ ಆಗಿದೆ ಕಣೇ ಅಂತ ಅತ್ತೆ ಉಪ್ಪು ಮೆಣಸಿನಕಾಯಿ ನಿವಾಳಿಸಿದ್ರು, ಇವಳು ಯಾರ ಮೇಲೂ ರೇಗಲಿಲ್ಲ, ಹೇಳಿದ್ದನ್ನೇ ಹೇಳಿದಳು, ನೀರಲ್ಲಿ ನಡೆದ ಹಾಗಿದೆ, ಅದನ್ನ ಕೇಳ್ತಾ ಕೂರೋಕಾಗದೆ ಶಿವಮೊಗ್ಗದ ಬಸ್ ಹತ್ತಿದ್ದು, ರವೀಂದ್ರನಗರದ ಈ ಆಸ್ಪತ್ರೆ, ಮಕ್ಕಳ ನರರೋಗದ ಡಾಕ್ಟ್ರು ಸಂಘಮಿತ್ರಾ, ನನ್ನ ಬಿಟ್ಟು ಅವಳ ಕಡೆ ಕುರ್ಚಿ ಎಳ್ಕೊಂಡು ಕೂತರಲ್ಲ — ಮುಂಚೆ ಯಾವಾಗಾದ್ರೂ ಕಣ್ಣಿಗೆ ಏನಾದ್ರೂ ಆಗಿತ್ತಾ ಪುಟ್ಟಾ, ಕಾಲಿಗೆ ಅಂತ ಬಂದ್ರೆ ಕಣ್ಣಿನ ವಿಷಯ ಕೇಳ್ತಾರಲ್ಲ ಅಂತ ನಾನು, ಅವರು ಮೇಜಿನ ಮೇಲಿದ್ದ ಕೆಂಪು ಮುಚ್ಚಳ ಹಿಡಿದು ಒಂದೊಂದೇ ಕಣ್ಣು ಮುಚ್ಚಿ ಬಣ್ಣ ಹೇಗಿದೆ ನೋಡು ಅಂದ್ರು, ಬಲಗಣ್ಣಲ್ಲಿ ಕುಂಕುಮ, ಎಡಗಣ್ಣಲ್ಲಿ ಹಳೇ ಇಟ್ಟಿಗೆ, ಅಂದಳು ನನ್ನ ಮಗಳು, ಎಷ್ಟು ಚೆನ್ನಾಗಿ ಹೇಳ್ತೀಯ ಮಾರಾಯ್ತಿ, ಅರ್ಧ ಕೆಲಸ ನೀನೇ ಮಾಡಿಕೊಟ್ಟೆ, ಅಂತ ಡಾಕ್ಟ್ರು ನಕ್ಕರು.

ಆಮೇಲೆ ಡಬಡಬ ಸದ್ದಿನ ಎಂಆರ್‌ಐ ಒಳಗೆ ಅಲ್ಲಾಡದೆ ಮಲಗಿದ್ದು, ಬೆನ್ನಿಂದ ನೀರು ತೆಗೆಯೋವಾಗ ನನ್ನ ಕೈ ಗಟ್ಟಿಯಾಗಿ ಹಿಡಿದಿದ್ದು, ನನ್ನ ಸಮಾಧಾನಕ್ಕೆ, ಕೊನೆಗೆ ಡಾಕ್ಟ್ರು ಕಾಯಿಲೆಯ ಹೆಸರು ಹೇಳಿದ್ರು, ಮಲ್ಟಿಪಲ್ ಸ್ಕ್ಲೆರೋಸಿಸ್, ಮಕ್ಕಳಲ್ಲಿ ಅಪರೂಪ, ಇದನ್ನೇ ಹೋಲೋ ಬೇರೆ ಕಾಯಿಲೆಗಳಿವೆ, ಅವಲ್ಲ ಅಂತ ಖಾತ್ರಿ ಮಾಡ್ಕೊಂಡೇ ಹೇಳ್ತಿದ್ದೀನಿ, ನಿನ್ನ ಮೈಯ ಕಾವಲಿನವರೇ ದಾರಿತಪ್ಪಿ ನರದ ಮೇಲಿನ ಹೊದಿಕೆ ಕೆರೀತಿದ್ದಾರೆ, ಒಮ್ಮೆ ಕಣ್ಣಿನ ನರ, ಒಮ್ಮೆ ಬೆನ್ನಿನದು, ನೀನು ಮಾಡಿದ್ದಲ್ಲ, ಅಮ್ಮ ಮಾಡಿದ್ದಲ್ಲ — ವಾಸಿ ಆಗುತ್ತಾ ಡಾಕ್ಟ್ರೇ, ನಾನು ಕೇಳೋಕೆ ಹೆದರಿದ್ದನ್ನ ಇವಳು ಕೇಳಿಯೇಬಿಟ್ಟಳು, ಅವರೂ ಸುಳ್ಳು ಹೇಳಲಿಲ್ಲ, ಪೂರ್ತಿ ಹೋಗಲ್ಲ ಪುಟ್ಟಾ, ಆದ್ರೆ ಪದೇಪದೇ ಬರದ ಹಾಗೆ ತಡೆಯೋ ಔಷಧಿ ಇದೆ, ವರ್ಷಗಟ್ಟಲೆ ತಗೋಬೇಕು, ಹಾಗಾದ್ರೆ ಶುರು ಮಾಡಿ ಅಂದಳು, ಅಷ್ಟೇ, ನಾನು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟು ಅತ್ತುಬಿಟ್ಟೆ. ಮೊದಲು ಸ್ಟಿರಾಯ್ಡ್ ಡ್ರಿಪ್, ಮುಖ ಊದಿಕೊಂಡಿತ್ತು, ಬನ್ ತರ ಇದೀನಲ್ಲಮ್ಮ ಅಂತ ತಾನೇ ನಕ್ಕಳು, ದಿನಾ ಸಂಜೆ ಫಿಸಿಯೋ, ಗೋಡೆ ಹಿಡಿದು, ಆಮೇಲೆ ಬರೀ ನನ್ನ ಬೆರಳು ಹಿಡಿದು, ಆಮೇಲೆ ಬಿಟ್ಟು, ಈಗ ಇದು, ತಡೆಯೋ ಔಷಧಿ, ಆ ಸೂಜಿಯಿಂದ ಹನಿಹನಿಯಾಗಿ ಇಳಿದು ಮುಗೀತು, ನರ್ಸ್ ನಳಿಕೆ ಬಿಚ್ಚಿದ್ರು, ಸಂಘಮಿತ್ರಾ ಬಂದ್ರು, ಎಲ್ಲಿ, ಬರಿಗಾಲಲ್ಲಿ ಒಂದೇ ಗೆರೆ ಮೇಲೆ ನಡೆದು ತೋರ್ಸು ನೋಡೋಣ, ಪ್ಲಾಸ್ಟರ್ ಹಚ್ಚಿದ ಕೈ ಅಗಲಿಸಿ ನಿಂತಳು, ಬಾಗಿಲಾಚೆ ಇದ್ದ ಅವರಪ್ಪನೂ ಒಳಗೆ ಬಂದು ನಿಂತಿದ್ದಾರೆ, ನನ್ನ ಕೈ ತಾನಾಗೇ ಮುಂದೆ ಹೋಗುತ್ತೆ, ಹಿಡೀಬೇಡಿ ಅಂತ ಡಾಕ್ಟ್ರು ಸನ್ನೆ, ಸ್ವಲ್ಪ ವಾಲಿದಳು, ನಿಂತಳು, ನೆಲ ತಣ್ಣಗಿದೆ ಅಮ್ಮ, ಗೊತ್ತಾಗ್ತಿದೆ, ಬಿಳೀ ಟೈಲ್ಸ್ ಮೇಲೆ ಪುಟ್ಟ ಹೆಬ್ಬೆರಳು, ಅದಕ್ಕೆ ತಾಗಿದ ಹಿಮ್ಮಡಿ, ಹೆಬ್ಬೆರಳು, ಹಿಮ್ಮಡಿ, ಹೆಬ್ಬೆರಳು —