ಬೆಲೆ ಏರುವ ಮೊದಲು

ತಮ್ಮ ಫೋನ್ ಮಾಡಿದಾಗ ಈಜುಕೊಳದ ಮಿಸ್ಸು ಕಟ್ಟೆಯ ಮೇಲೆ ಮಂಡಿಯೂರಿ ಕೂತು, ಒಬ್ಬ ದಢೂತಿ ವಕೀಲರಿಗೆ ನೀರಿನೊಳಗೆ ಉಸಿರು ಬಿಡುವುದನ್ನು ಹೇಳಿಕೊಡುತ್ತಿದ್ದಳು. ಅವಳು ಎಲ್ಲರಿಗೂ ಮಿಸ್ಸೇ. ಮೊಮ್ಮಕ್ಕಳನ್ನು ಕಂಡವರೂ ಕೊಳಕ್ಕೆ ಇಳಿದರೆ ಹಾಗೆಯೇ ಕರೆಯುತ್ತಿದ್ದರು. ತಮ್ಮ ಪೇಟೆಯ ಮೊಬೈಲ್ ಅಂಗಡಿಯಲ್ಲಿ ಸೇಲ್ಸ್‌ಮನ್. ಕೆಲಸದ ಹೊತ್ತಿನಲ್ಲಿ ಸುಮ್ಮಸುಮ್ಮನೆ ಫೋನ್ ಮಾಡುವವನಲ್ಲ. ಅವಳು ವಕೀಲರಿಗೆ ಕಂಬಿ ಹಿಡಿದು ನಿಲ್ಲಲು ಹೇಳಿ ಫೋನ್ ಎತ್ತಿಕೊಂಡಳು.

ಅವನು ಪಿಸುಗುಟ್ಟುತ್ತಿದ್ದ, ಆದರೆ ಆ ಪಿಸುಮಾತೇ ಕುಣಿಯುತ್ತಿತ್ತು. ಸೋಮವಾರದಿಂದ ಫೋನುಗಳ ಬೆಲೆ ಮತ್ತೆ ಏರಲಿದೆಯಂತೆ. ಒಳಗೆ ಕೂರಿಸುವ ಮೆಮೊರಿ ಚಿಪ್ಪು ದುಬಾರಿಯಾಗಿ ಕಂಪನಿಗಳೆಲ್ಲ ಒಂದರ ಹಿಂದೊಂದು ರೇಟು ಏರಿಸುತ್ತಿವೆಯಂತೆ. ಅವಳು ಎಷ್ಟೋ ತಿಂಗಳಿಂದ ಗಾಜಿನಾಚೆಯಿಂದ ನೋಡಿ ಆಸೆಪಡುತ್ತಿದ್ದ ಮಾಡೆಲ್ ಹಳೆಯ ಬೆಲೆಗೆ ಒಂದೇ ಒಂದು ಉಳಿದಿತ್ತು. ಅದನ್ನವನು ಚಾರ್ಜರುಗಳ ರಾಶಿಯ ಹಿಂದೆ ಬಚ್ಚಿಟ್ಟಿದ್ದ.

"ಇನ್ನೊಂದು ಕೇಳು ಅಕ್ಕ," ಎಂದ. "ಹೊಸದರ ಬೆಲೆಗೆ ಹೆದರಿ ಎಲ್ಲ ಸೆಕೆಂಡ್ ಹ್ಯಾಂಡ್‌ಗೆ ಮುಗಿಬಿದ್ದಿದ್ದಾರೆ. ನಿನ್ನ ಹಳೇ ಫೋನಿಗೆ ಹೋದ ವರ್ಷಕ್ಕಿಂತ ಈಗಲೇ ಒಳ್ಳೆ ಬೆಲೆ. ನಮ್ಮಲ್ಲಿ ಎಕ್ಸ್‌ಚೇಂಜ್‌ಗೆ ಹಾಕ್ಬೇಡ, ಕಮ್ಮಿ ಕೊಡ್ತಾರೆ. ನೀನೇ ಹೊರಗೆ ಮಾರು. ಶನಿವಾರ ಸಂಜೆ ತನಕ ನಾನು ಇದನ್ನ ಕಾಯ್ತೀನಿ."

ಮಿಸ್ಸಿಗೆ ಮೈಯೆಲ್ಲ ಜುಮ್ಮೆಂದಿತು. ವಕೀಲರು ಕಂಬಿ ಹಿಡಿದು ನಡುಗುತ್ತಿದ್ದದ್ದು ನೆನಪಾದದ್ದು ಬಹಳ ಹೊತ್ತಿನ ಮೇಲೆ.

ಇದು ಬರೀ ಶೋಕಿಯಲ್ಲ. ಅವಳ ಹತ್ತಿರ ಕಲಿಯುತ್ತಿದ್ದ ಒಬ್ಬ ಹುಡುಗಿ ಇದ್ದಳು. ನಡಿಗೆ ನೋಡಿ ಮಿಸ್ಸೇ ಅವಳಿಗೆ ಬಾತುಕೋಳಿ ಎಂದು ಹೆಸರಿಟ್ಟಿದ್ದಳು. ಹಗಲೆಲ್ಲ ಬಟ್ಟೆ ಅಂಗಡಿಯಲ್ಲಿ ಕೆಲಸ, ಬೆಳಿಗ್ಗೆ ಬೆಳಿಗ್ಗೆ ಈಜು. ಅಗ್ನಿಶಾಮಕ ದಳ ಸೇರಿಯೇ ಸೇರುತ್ತೇನೆಂದು ಹಠ ಹಿಡಿದಿದ್ದಳು. ಓಟ, ಏಣಿ ಹತ್ತುವುದು, ಭಾರ ಹೊರುವುದು, ಎಲ್ಲದರಲ್ಲೂ ಗೆದ್ದು ಬಂದಿದ್ದಳು. ಉಳಿದದ್ದು ಈಜು ಪರೀಕ್ಷೆ, ಅದೂ ಮುಂದಿನ ವಾರವೇ. ತೋಳಲ್ಲಿ ಕಸುವಿತ್ತು, ಎದೆಯಲ್ಲಿ ದಮ್ಮಿತ್ತು, ಆದರೂ ಪ್ರತಿ ಸಲ ಗಡುವಿಗೆ ಕೂದಲೆಳೆಯಷ್ಟು ತಡವಾಗಿ ಗೋಡೆ ಮುಟ್ಟುತ್ತಿದ್ದಳು. ಆ ಹೊತ್ತು ಎಲ್ಲಿ ಸೋರಿ ಹೋಗುತ್ತಿದೆ? ಮಿಸ್ಸು ಕಟ್ಟೆಯುದ್ದಕ್ಕೂ ಜೊತೆಜೊತೆಗೇ ಓಡಿ ವಿಡಿಯೊ ಮಾಡಿದ್ದಳು, ನಿಧಾನ ಮಾಡಿಕೊಂಡು ಕಣ್ಣು ಕಿರಿದಾಗಿಸಿ ನೋಡಿದ್ದಳು. ಚಿಮ್ಮುವ ನೀರು ಬಿಟ್ಟರೆ ಏನೂ ಕಾಣದು. ತಪ್ಪು ಫೋನಿನದೇ ಎಂದು ಖಾತ್ರಿ ಮಾಡಿಕೊಂಡಿದ್ದಳು. ಹೊಸ ಫೋನಿನ ಜಾಹೀರಾತಿನಲ್ಲಿ ಹನಿಹನಿಯೂ ಮುತ್ತು ಪೋಣಿಸಿದ ಹಾಗೆ ಕಾಣುತ್ತಿತ್ತಲ್ಲ.

ಆ ಸಂಜೆಯೇ ಹಳೆಯ ಫೋನನ್ನು ಒರೆಸಿ, ತಂಗಿಯಿಂದ ಇನ್ನೊಂದು ಫೋನ್ ಇಸಿದುಕೊಂಡು ಅದರ ಫೋಟೊ ತೆಗೆದು ಮಾರಾಟಕ್ಕೆ ಹಾಕಿದಳು. ಹಿಂಬದಿಯ ಗೀರು ಕಾಣದ ಹಾಗೆ ಮೊದಲು ತೆಗೆದಳು. ಆಮೇಲೆ ಮನಸ್ಸು ಚುಚ್ಚಿ ಗೀರಿನದೂ ಒಂದು ಫೋಟೊ ಸೇರಿಸಿದಳು. ಹಾಕಿದ್ದೇ ತಡ, ಕರೆಗಳ ಮೇಲೆ ಕರೆ. ಒಬ್ಬನಿಗೆ ಪುಕ್ಕಟೆ ಬೇಕು, ಇನ್ನೊಬ್ಬ ಬದಲಿಗೆ ಹೊಲಿಗೆ ಯಂತ್ರ ಕೊಡುತ್ತೇನೆನ್ನುತ್ತಾನೆ. ನೆಟ್ಟಗೆ ಮಾತಾಡಿದ್ದು ಬೇಕರಿ ನಡೆಸುವ ಒಬ್ಬ ಹೆಂಗಸು ಮಾತ್ರ. ಶನಿವಾರ ಬೆಳಿಗ್ಗೆ ಬ್ರೆಡ್ಡು ಹಂಚಿ ಮುಗಿಸಿ ಕೊಳದ ಹತ್ತಿರವೇ ಬರುತ್ತೇನೆಂದಳು.

ಹೇಳಿದ ಹಾಗೆಯೇ ಬಂದಳು. ವಯಸ್ಸು ಐವತ್ತು ದಾಟಿತ್ತು, ತೋಳಿನ ಮೇಲೆ ಮೈದಾಹಿಟ್ಟಿನ ಧೂಳು, ಕನ್ನಡಕ ಹಣೆಯ ಮೇಲೆ. ಫೋನನ್ನು ಬನ್ನು ಒತ್ತಿ ನೋಡುವ ಹಾಗೆ ಎಲ್ಲ ಕಡೆ ಒತ್ತಿ ನೋಡಿದಳು. ಕೇಕಿನ ವಿಡಿಯೊ ಹಾಕಿದರೆ ಆರ್ಡರು ಬರುತ್ತದೆಂದು ಸೊಸೆ ಹೇಳಿದ್ದಾಳಂತೆ. ಹೊಸದನ್ನು ಕೇಳಿದರೆ ಅಂಗಡಿಯವರು ಒಂದು ಒಲೆಯ ಬೆಲೆ ಹೇಳಿದರಂತೆ.

"ಮದುವೆ ಮನೇಲಿ ನಾನು ನಿಲ್ಲೋದು ಛತ್ರದ ಕೊನೇ ಸಾಲಿನ ಹಿಂದೆ," ಎಂದಳು. "ಅಲ್ಲಿಂದ ತೆಗೆದ್ರೆ ನನ್ನ ಫೋನಲ್ಲಿ ಕೇಕೂ ಒಂದೇ, ಮದುವೆ ಗಂಡೂ ಒಂದೇ. ಇದು ದೂರದ್ದು ತೆಗಿಯುತ್ತಾ?"

"ತೆಗಿಯುತ್ತಾ ಅಂತ ಕೇಳ್ತೀರಲ್ಲಮ್ಮ, ಬನ್ನಿ ತೋರಿಸ್ತೀನಿ," ಎಂದು ಮಿಸ್ಸು ಅವಳನ್ನು ಪ್ರೇಕ್ಷಕರ ಗ್ಯಾಲರಿಗೆ ಹತ್ತಿಸಿಕೊಂಡು ಹೋದಳು.

ಪಂದ್ಯಗಳಿದ್ದಾಗ ಬಿಟ್ಟರೆ ಆ ಗ್ಯಾಲರಿಗೆ ಯಾರೂ ಹೋಗುತ್ತಿರಲಿಲ್ಲ. ಮುರಿದ ಕುರ್ಚಿಗಳೂ ತೇಲುಹಲಗೆಗಳೂ ಒಟ್ಟಿದ್ದವು. ಮಿಸ್ಸು ಒಂದು ಮೂಲೆಯಲ್ಲಿ ಜಾಗ ಮಾಡಿಕೊಂಡು, ಕೆಳಗಿದ್ದ ಬಾತುಕೋಳಿಗೆ ಒಂದು ಸುತ್ತು ಈಜಲು ಕೂಗಿ ಹೇಳಿ ವಿಡಿಯೊ ಒತ್ತಿದಳು. ಆಮೇಲೆ ಶುರುವಾಯಿತು ಹೊಗಳಿಕೆ. ನೋಡಿ ಬಣ್ಣ, ನೋಡಿ ಅವಳ ಟೋಪಿಯ ಮೇಲಿನ ಅಕ್ಷರ, ಎಷ್ಟು ಸಲ ಬಿದ್ದಿದೆ ಗೊತ್ತಾ, ಒಂದು ಸಲವೂ ಕೈ ಕೊಟ್ಟಿಲ್ಲ. ಹೇಳುತ್ತಾ ಹೇಳುತ್ತಾ ಅವಳಿಗೇ ಅದರ ಮೇಲೆ ಅಕ್ಕರೆ ಉಕ್ಕಿತು.

ಮಾತಿನ ನಡುವೆ ಬಾತುಕೋಳಿ ಪರದೆಯ ಎಡ ಅಂಚಿಗೆ ಸರಿದು ಮಾಯವಾದಳು. ಮಿಸ್ಸು ಫೋನ್ ತಿರುಗಿಸಿ ಮತ್ತೆ ನಡುವಿಗೆ ತಂದಳು. ಮತ್ತೆ ಸರಿದಳು. ಕೈ ನಡುಗುತ್ತಿದೆಯೇನೋ ಎಂದು ಮೊಣಕೈಯನ್ನು ಕಟಕಟೆಗೆ ಊರಿದಳು. ಆಗಲೂ ಅದೇ ಕತೆ.

"ಫೋನ್ ಜಾರ್ತಿದ್ಯಾ?" ಎಂದು ಬೇಕರಿಯಾಕೆ ಅನುಮಾನದಿಂದ ಕೇಳಿದಳು.

"ಫೋನಲ್ಲಮ್ಮ," ಎಂದಳು ಮಿಸ್ಸು. "ಅವಳು ಜಾರ್ತಿದ್ದಾಳೆ."

ಪಕ್ಕದಿಂದ ನೋಡಿದರೆ ಬಾಣದ ಹಾಗೆ ಕಾಣುತ್ತಿದ್ದ ಹುಡುಗಿ ಮೇಲಿನಿಂದ ನೋಡಿದರೆ ಬಿಲ್ಲಿನ ಹಾಗೆ ಬಾಗಿ ಹೋಗುತ್ತಿದ್ದಳು. ಬಲಗೈ ಪ್ರತಿ ಸಲ ತಲೆಯ ಮುಂದೆ ಅಡ್ಡ ದಾಟಿ ಬೀಳುತ್ತಿತ್ತು. ಮೈ ಅದರ ಹಿಂದೆಯೇ ಎಡಕ್ಕೆ ವಾಲುತ್ತಿತ್ತು. ಪಕ್ಕದ ಗೋಡೆ ಹತ್ತಿರ ಬಂದಾಗ ತಿದ್ದಿಕೊಂಡು ಬಲಕ್ಕೆ ಎಳೆದುಕೊಳ್ಳುತ್ತಿದ್ದಳು. ತಳದ ಕಪ್ಪು ಗೆರೆ ನೋಡಿಕೊಂಡು ಈಜೋಣವೆಂದರೆ, ರಿಪೇರಿಯ ಹೆಸರಲ್ಲಿ ಆ ಟೈಲ್ಸನ್ನೇ ಕಿತ್ತು ಬೇರೆ ಹಾಕಿದ್ದರು. ಪಾಪದ ಹುಡುಗಿ ದಿನವೂ ಎಲ್ಲರಿಗಿಂತ ಉದ್ದದ ಕೊಳ ಈಜುತ್ತಿದ್ದಳು.

ಮಿಸ್ಸು ಮೆಟ್ಟಿಲನ್ನು ಎರಡೆರಡಾಗಿ ಹಾರಿ ಇಳಿದಳು. ಕಟ್ಟೆಯ ಮೇಲೆ ಬೋರಲು ಮಲಗಿ, ನೀರಲ್ಲಿದ್ದ ಬಾತುಕೋಳಿಯ ಮೂಗಿಗೆ ಫೋನ್ ಹಿಡಿದಳು. ಅವಳು ನೋಡಿದಳು, ಕಣ್ಣುಜ್ಜಿಕೊಂಡು ಇನ್ನೊಮ್ಮೆ ನೋಡಿದಳು.

"ಇಷ್ಟು ದಿನ ಹಾವಿನ ಥರ ಹೋಗ್ತಿದ್ನಾ ಮಿಸ್?"

"ಹಾವಿಗಾದ್ರೂ ಎರಡೂ ಕಡೆ ಗೊತ್ತು. ಕೈ ಅಗಲಕ್ಕೆ ಇಡು. ಎರಡೂ ಕೈ ರೈಲು ಹಳಿ ಥರ ಹೋಗ್ಲಿ. ಹೊರಡು."

ಫೋನು ಈಗ ಗ್ಯಾಲರಿಯಲ್ಲಿದ್ದ ಬೇಕರಿಯಾಕೆಯ ಕೈಗೆ ಹೋಯಿತು. ಹುಡುಗಿ ಎಡಕ್ಕೆ ವಾಲಿದರೆ ಕೂಗಬೇಕೆಂದು ಅಪ್ಪಣೆಯಾಯಿತು. ತಲೆ ನೀರೊಳಗಿದ್ದವಳಿಗೆ ಕೂಗು ಕೇಳುವುದೇ ಎಂದು ಯಾರೂ ಯೋಚಿಸಲಿಲ್ಲ. ಬೇಕರಿಯಾಕೆ ಮೊದಲ ಸಲ ಗಂಟಲು ಹರಿಯುವಂತೆ ಎಡ ಎಡ ಎಂದು ಕೂಗಿದಳು. ಆಮೇಲೆ ಕೂಗು ಕಡಿಮೆಯಾಯಿತು. ಕೊನೆಗೆ ಮೇಲಿನಿಂದ ಸದ್ದೇ ಇಲ್ಲ. ಅವಳು ಉಸಿರು ಬಿಗಿಹಿಡಿದು ಕಟಕಟೆಯ ಮೇಲೆ ಅರ್ಧ ಬಗ್ಗಿ ನಿಂತಿದ್ದಳು. ಬಾತುಕೋಳಿ ನೆಟ್ಟಗೆ ಬಂದು ಗೋಡೆ ಮುಟ್ಟಿದಳು. ಮಿಸ್ಸು ಕೈಯಲ್ಲಿದ್ದ ಗಡಿಯಾರ ನೋಡಿದಳು, ಹುಡುಗಿಯನ್ನು ನೋಡಿದಳು, ಗಡಿಯಾರವನ್ನೇ ಅವಳ ಕಡೆ ತಿರುಗಿಸಿದಳು. ಗಡುವಿಗೆ ಇನ್ನೂ ಹೊತ್ತಿತ್ತು.

ಬೇಕರಿಯಾಕೆ ತೇಲುಹಲಗೆಗಳನ್ನು ಉರುಳಿಸಿಕೊಂಡು ಕೆಳಗಿಳಿದು ಬಂದಳು. ತನ್ನ ಮಗಳೇ ಗೆದ್ದ ಹಾಗೆ ಮುಖ ಅರಳಿತ್ತು. ಒದ್ದೆ ಹುಡುಗಿಯನ್ನು ಹಾಗೆಯೇ ಅಪ್ಪಿಕೊಂಡು ತೋಳಿನ ಹಿಟ್ಟನ್ನೆಲ್ಲ ಅಂಟಿಸಿದಳು. ಆಮೇಲೆ ವ್ಯವಹಾರ ನೆನಪಾಗಿ, ಹೇಳಿದ ಬೆಲೆಗೆ ಇನ್ನಷ್ಟು ಸೇರಿಸಿಯೇ ಕೊಡುತ್ತೇನೆ, ಇಂಥ ಫೋನ್ ಬಿಡುವವಳಲ್ಲ ಎಂದಳು.

ಮಿಸ್ಸು ಅವಳ ಕೈಯಿಂದ ಫೋನನ್ನು ತೆಗೆದುಕೊಂಡು ಎದೆಗೆ ಒತ್ತಿಕೊಂಡು ನಿಂತಳು. ಚಾರ್ಜರುಗಳ ಹಿಂದೆ ಕೂತಿದ್ದ ಡಬ್ಬ ಕಣ್ಮುಂದೆ ಬಂತು. ಆಸೆ ಸತ್ತಿರಲಿಲ್ಲ. ಆದರೆ ಆ ಹೊಸ ಫೋನ್ ಹಿಡಿದೂ ತಾನು ಅದೇ ಕಟ್ಟೆಯ ಮೇಲೆ ಓಡುತ್ತಿದ್ದೆ, ಚಿಮ್ಮುವ ಮುತ್ತುಗಳನ್ನು ಇನ್ನೂ ಚೆನ್ನಾಗಿ ನೋಡುತ್ತಿದ್ದೆ, ಅಷ್ಟೇ ಅನ್ನಿಸಿತು. ಕೊಡಲಾರೆ, ತಪ್ಪು ತಿಳಿಯಬೇಡಿ ಎಂದು ತಡವರಿಸಿದಳು.

"ನೀನು ಮಾರೋಕೆ ಕರೆದ್ಯೋ, ಹೊಟ್ಟೆ ಉರಿಸೋಕೆ ಕರೆದ್ಯೋ ಮಗಳೇ?" ಎಂದಳು ಬೇಕರಿಯಾಕೆ. ಮುನಿಸು ನಿಜವಾದದ್ದೇ, ಆದರೆ ನಗು ಅದನ್ನು ಹೊರಗೆ ಬರಗೊಡಲಿಲ್ಲ.

ಮಿಸ್ಸು ಅಲ್ಲೇ ತಮ್ಮನಿಗೆ ಫೋನ್ ಮಾಡಿ ಡಬ್ಬ ಬೇರೆಯವರಿಗೆ ಕೊಡಲು ಹೇಳಿದಳು. ಅವನು ರೇಗಿದ, ಸೋಮವಾರದ ಮೇಲೆ ಬಂದು ಗೋಳಾಡಬೇಡ ಎಂದ. ಅಕ್ಕನ ಪಕ್ಕದಲ್ಲೇ ಫೋನ್ ಕೊಳ್ಳಲು ಬಂದವರೊಬ್ಬರು ಬರಿಗೈಲಿ ನಿಂತಿದ್ದಾರೆಂದು ಗೊತ್ತಾದದ್ದೇ ದನಿ ಬೆಣ್ಣೆಯಾಯಿತು. ಮಿಸ್ಸಿನ ಫೋನಿನದೇ ಮಾಡೆಲಿನ ಹಳೆಯ ಫೋನೊಂದು, ಗೀರೂ ಇಲ್ಲದ್ದು, ಅವರ ಅಂಗಡಿಗೆ ಬಂದಿತ್ತು. ಬೇಕರಿಯಾಕೆ ನೇರ ಅಲ್ಲಿಗೇ ಹೋದಳು. ಆಕೆ ತನ್ನನ್ನು ಹಿಂಡಿ ಹಿಪ್ಪೆ ಮಾಡಿ, ಕವರನ್ನೂ ಪುಕ್ಕಟೆ ಹಾಕಿಸಿಕೊಂಡು ಹೋದಳೆಂದು ತಮ್ಮ ಆಮೇಲೆ ಹೇಳಿದ.

ಸೋಮವಾರ ಬೆಲೆ ಏರಿಯೇ ಬಿಟ್ಟಿತು. ಬ್ಯಾಟರಿ ಬದಲಾಯಿಸಲು ಅಂಗಡಿಗೆ ಹೋದ ಮಿಸ್ಸು ಹೊಸ ಬೆಲೆಯ ಚೀಟಿಯನ್ನು ಎರಡೆರಡು ಸಲ ಓದಿದಳು. ತಮ್ಮ ಪ್ರದರ್ಶನಕ್ಕಿಟ್ಟಿದ್ದ ಹೊಸ ಫೋನನ್ನು ಕೈಗೆ ಕೊಟ್ಟ. ಅವಳು ಅದರಲ್ಲಿ ತಿರುಗುವ ಫ್ಯಾನನ್ನು ನಿಧಾನ ಮಾಡಿ ನೋಡಿದಳು. ನಿಜಕ್ಕೂ ಚೆನ್ನಾಗಿತ್ತು.

"ಬೇಡ ಅಂತಲ್ಲ ಕಣೋ," ಎಂದಳು, "ಈಗ ಬೇಡ."

ಪರೀಕ್ಷೆಯ ದಿನ ಹೊರಗಿನವರನ್ನು ಒಳಗೆ ಬಿಡಲಿಲ್ಲ. ಮಿಸ್ಸು ಗೇಟಿನ ಹೊರಗೆ ಅತ್ತಿಂದಿತ್ತ ತಿರುಗಿ ಕಾವಲುಗಾರನ ತಾಳ್ಮೆ ಕೆಡಿಸಿದಳು. ಕೊನೆಗೆ ಬಾತುಕೋಳಿ ಒದ್ದೆ ತಲೆಯಲ್ಲೇ ಓಡಿ ಬಂದಳು. ಪಾಸೋ ಫೇಲೋ ಎಂದು ಕೇಳಬೇಕಾಗಿರಲಿಲ್ಲ, ಹಲ್ಲೆಲ್ಲ ಕಾಣುತ್ತಿತ್ತು. ಇಬ್ಬರೂ ಕೈ ಕೈ ಹಿಡಿದು ಬೀದಿಯಲ್ಲೇ ಕುಣಿದರು. ಹೇಗೆ ಈಜಿದೆ, ಮೊದಲಿಂದ ಹೇಳು ಎಂದು ಮಿಸ್ಸು ಪೀಡಿಸಿದಳು. ಹುಡುಗಿ ಬಾಯಲ್ಲಿ ಹೇಳಲಾರದೆ ಚೀಲವನ್ನು ಕೆಳಗಿಟ್ಟು, ಕಾಲುದಾರಿಯ ಮೇಲೆಯೇ ಬಗ್ಗಿ, ಕೈಗಳನ್ನು ಅಗಲಕ್ಕೆ ಬೀಸುತ್ತಾ ನೆಟ್ಟಗೆ ಹೊರಟಳು. ಎದುರಿಗೆ ಬರುತ್ತಿದ್ದವರೆಲ್ಲ ಪಕ್ಕಕ್ಕೆ ಸರಿದು ದಾರಿ ಬಿಟ್ಟರು.