ಕೋಲ್ಡ್ ರೂಮಿನ ಬಾಗಿಲು

ನನ್ನ ಗಂಡನಿಗೆ ಕೋಪ ಮೂಗಿನ ತುದಿಯಲ್ಲೇ. ಮಾಂಸದಂಗಡಿಯವರಿಗೆ ಸ್ವಲ್ಪ ಕೋಪ ಇರಲಿ ಬಿಡಿ, ಆದರೆ ಇವರಿಗೆ ಬಂದರೆ ಎದುರಿಗಿದ್ದದ್ದು ಉಳಿಯುವುದಿಲ್ಲ. ಮಾಂಸ ಹೆಪ್ಪುಗಟ್ಟಿಸುವ ಕೋಲ್ಡ್ ರೂಮಿನ ಬಾಗಿಲನ್ನು ಒಳಗಿಂದ ತೆಗೆಯಲು ಇದ್ದ ಹಿಡಿಯನ್ನು ಗರಗಸದಲ್ಲಿ ಕೊಯ್ದು ಎಸೆದವರೂ ಇವರೇ. ಕೊಕ್ಕೆಗೆ ತೂಗುಹಾಕಿದ ಮಾಂಸ ತಳ್ಳುವಾಗ ಅದು ಅಡ್ಡ ಸಿಗುತ್ತಿತ್ತಂತೆ.

"ಒಳಗೆ ಹೋದೋರು ಹೊರಗೆ ಬರೋದು ಹೇಗ್ರೀ?" ಎಂದೆ.

"ನೀನು ಇದ್ದೀಯಲ್ಲ" ಎಂದರು.

ಅಲ್ಲಿಂದ ಅದೇ ಪದ್ಧತಿಯಾಯಿತು. ಒಳಗಿದ್ದವರು ಬಾಗಿಲು ತಟ್ಟಬೇಕು, ನಾನು ಗಲ್ಲಾದಲ್ಲಿ ಕೂತು ಕಂಪ್ಯೂಟರಿನ ಗುಂಡಿ ಒತ್ತಿ ಬೀಗ ತೆಗೆಯಬೇಕು. ಕರೆಂಟು ಹೋದರೂ ಬಿಡದ ಬೀಗ ಅದು, ಕಳ್ಳರ ಭಯಕ್ಕೆ ಹಾಕಿಸಿದ್ದು.

ಕಂಪ್ಯೂಟರ್ ನೋಡಿಕೊಳ್ಳುವವನು ಎದುರಂಗಡಿಯ ಹುಡುಗ, ನಾವೆಲ್ಲ ಇಲಿರಾಯ ಅಂತ ಕರೆಯುತ್ತಿದ್ದೆವು. ಮಹಾ ಸೋಮಾರಿ. ಮನೆಯ ಮಂಚದ ಮೇಲಿಂದಲೇ ನಮ್ಮ ಕಂಪ್ಯೂಟರಿನೊಳಗೆ ಬಂದು ರಿಪೇರಿ ಮಾಡಲು ದಾರಿಯೊಂದನ್ನು ತೆರೆದಿಟ್ಟುಕೊಂಡಿದ್ದ. ಅದರ ಪಾಸ್‌ವರ್ಡು ಒಂದು ಎರಡು ಮೂರು ನಾಲ್ಕು. ಕೇಳಿದರೆ, "ಅಯ್ಯೋ ಅಕ್ಕಾ, ಮಾಂಸದಂಗಡಿ ಕಂಪ್ಯೂಟರ್ ಯಾರಿಗೆ ಬೇಕು?" ಎಂದು ಹಲ್ಲು ಕಿರಿದಿದ್ದ.

ಬೇಕಾದವರು ಒಂದು ಮಧ್ಯಾಹ್ನ ಅದೇ ದಾರಿಯಲ್ಲಿ ಕಂಪ್ಯೂಟರಿನೊಳಗೆ ಬಂದರು. ನನ್ನ ತಮ್ಮ ಆಗಷ್ಟೇ ಒಳಗೆ ಹೋಗಿದ್ದ. ಒಂದು ತೊಡೆ ತರಲು ಜಾಕೆಟ್ ಯಾಕೆ ಎಂದು ತೆಳು ಅಂಗಿಯಲ್ಲೇ ಹೋಗಿದ್ದ. ತಟ್ಟಿದ. ಗುಂಡಿ ಒತ್ತಿದೆ. ಪರದೆ ಕೆಂಪಗಾಗಿ, ನಿಮ್ಮದೆಲ್ಲ ನಮ್ಮ ಕೈಯಲ್ಲಿದೆ, ಹಣ ಕೊಟ್ಟರೆ ಬಿಡುತ್ತೇವೆ ಎಂದು ಬಂತು. ಮತ್ತೆ ಮತ್ತೆ ಒತ್ತಿದೆ. ತಮ್ಮ ಈಗ ಎರಡೂ ಕೈಯಲ್ಲಿ ಬಡಿಯುತ್ತಿದ್ದ.

ಇವರು ಇಲಿರಾಯನ ಕೊರಳಪಟ್ಟಿ ಹಿಡಿದು ರಸ್ತೆ ದಾಟಿಸಿ ಎಳೆತಂದರು. "ತೆಗಿಯೋ!"

"ಅದು ಅವರ ಕೈಯಲ್ಲಿದೆ ಅಣ್ಣಾ..."

"ಬ್ಯಾಕಪ್ ಅಂತಿದ್ದೆಯಲ್ಲ, ಎಲ್ಲೋ ಅದು?"

"ಇದೆ ಅಣ್ಣಾ. ಇದರೊಳಗೇ ಇದೆ."

ಇವರ ಮುಷ್ಟಿ ಅವನ ಬಾಯಿಗೆ ಬಿತ್ತು. ಅವನು ರಕ್ತ ಉಗುಳಿ, ಪರದೆಯಲ್ಲಿ ಅವರಿಗೆ ಉತ್ತರಿಸಲು ಇದ್ದ ಜಾಗದಲ್ಲಿ ಬರೆದ: ಒಳಗೆ ಮನುಷ್ಯ ಸಿಕ್ಕಿಕೊಂಡಿದ್ದಾನೆ, ಸಾಯುತ್ತಾನೆ, ಬಾಗಿಲೊಂದು ಬಿಟ್ಟುಬಿಡಿ.

ಉತ್ತರ ತಕ್ಷಣ ಬಂತು: ಹಾಗಾದರೆ ಬೇಗ ಕೊಡಿ.

ಅವರ ವಂಶ ನಿರ್ವಂಶವಾಗ! ನಾನು ಅಗ್ನಿಶಾಮಕದವರಿಗೆ ಫೋನು ಮಾಡಿದೆ, ಅವರು ಹೊರಟಿದ್ದೇವೆ ಎಂದರು. ಬಡಿತ ನಿಧಾನವಾಗುತ್ತಿತ್ತು. ಇವರು ಮೂಳೆ ಕಡಿಯುವ ಕೊಡಲಿ ಎತ್ತಿಕೊಂಡು ಬೀಗದ ಪಕ್ಕಕ್ಕೇ ಹೊಡೆಯತೊಡಗಿದರು. ತಗಡು ಕಿತ್ತುಬಂತು, ಚಳಿ ಹಿಡಿದಿಡಲು ಒಳಗೆ ತುಂಬಿದ್ದ ಹಳದಿ ಫೋಮು ಚೂರುಚೂರಾಗಿ ಹಾರಿತು. "ಬಾಗಿಲು ಬಿಟ್ಟು ದೂರ ನಿಂತ್ಕೊಳ್ಳೋ!" ಎಂದು ನಾನು ಕಿರುಚಿದೆ. ಅಷ್ಟು ದಪ್ಪದ ಬಾಗಿಲಿನಾಚೆ ಅವನಿಗೆ ಏನು ಕೇಳಬೇಕು?

ಒಂದು ಕಿಂಡಿ ಬಿತ್ತು. ಕೊಡಲಿ ಮತ್ತೆ ಮೇಲಕ್ಕೆ ಹೋಯಿತು. ಆಗ ಕಿಂಡಿಯಿಂದ ನನ್ನ ತಮ್ಮನ ಬೆರಳುಗಳು ಹೊರಬಂದವು. ಬೆಳಕು ಕಂಡ ಸಂತೋಷಕ್ಕೆ ತಗಡನ್ನು ತಾನೂ ಎಳೆಯಲು ಬಂದಿದ್ದ.

"ರೀ!" ಎಂದೆ. ಕೊಡಲಿ ಇಳಿಯುತ್ತಿತ್ತು.

ಬಾಗಿಲು ಮುರಿದಾಗ ಅವನು ನನ್ನ ಮೇಲೇ ಬಿದ್ದ. ತುಟಿ ನೀಲಿ, ರೆಪ್ಪೆಯ ಮೇಲೆ ಮಂಜು. ಇಲಿರಾಯ ತನ್ನ ಬೆಲ್ಟು ಬಿಚ್ಚಿ ಅವನ ಮುಂಗೈಗೆ ಬಿಗಿದ. ಇವರು ಮಂಡಿಯೂರಿ ನೆಲದಲ್ಲಿ ಬೆರಳುಗಳನ್ನು ಹುಡುಕುತ್ತ, ಮಗುವಿನ ಹಾಗೆ ಅಳುತ್ತಿದ್ದರು. ಆ ಮನುಷ್ಯ ಅತ್ತದ್ದನ್ನು ಅದೇ ಮೊದಲು ನೋಡಿದೆ. ನನಗೆ ಕನಿಕರ ಬರಲಿಲ್ಲ.

ಆಂಬುಲೆನ್ಸಿನಲ್ಲಿ ತಮ್ಮ ಕಣ್ಣು ಬಿಟ್ಟ. "ಅಕ್ಕಾ, ಬಲಗೈ ಮರಗಟ್ಟಿದೆ ಕಣೇ. ಏನೂ ಗೊತ್ತಾಗ್ತಿಲ್ಲ. ಚಳಿಗಾ?"

"ಹೂಂ ಕಣೋ, ಚಳಿಗೆ" ಎಂದೆ.

"ಭಾವ ಇಲ್ದಿದ್ರೆ ಇವತ್ತು ಸತ್ತೇಹೋಗ್ತಿದ್ದೆ" ಎಂದ.

ಇವರ ಮಡಿಲಲ್ಲಿ ಐಸಿನ ಡಬ್ಬಿ ಇತ್ತು. ಅವನಿಗೆ ಕಾಣದಂತೆ ನಾನು ಅದರ ಮೇಲೆ ಟವೆಲ್ ಎಳೆದೆ.